ಹದಿನಾಲ್ಕನೇ ಪುಟ ಮತ್ತು ನನ್ನ ಮೂಗು

ಫೆಬ್ರವರಿ ೩೦, ೨೩೧೭
ಕಲ್ಯಾಣ ಮಂಟಪದ ಮೆಟ್ಟಿಲು, ದಾವಣಗೆರೆ

ಪೂಜ್ಯ ತಾರಿಣಿ ಅಜ್ಜಿಗೆ, ನಿಮ್ಮ ಹನ್ನೊಂದನೇ ತಲೆಮಾರಿನ ಶಾಲ್ಮಲಿಯ ನಮಸ್ಕಾರಗಳು.

ಇಪ್ಪತ್ತೆರಡು ವರ್ಷ ವಯಸ್ಸಿನ ನಿಮ್ಮನ್ನು ಅಜ್ಜಿ ಎಂದದ್ದಕ್ಕೆ ಕ್ಷಮೆಯಿರಲಿ. ಕಾಲದಂಚೆಯಲ್ಲಿ ನಿಮ್ಮ ಕಾಲಕ್ಕೆ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರದ ತಾರೀಖು ನೋಡಿ ಗಾಬರಿಯಾಗಬೇಡಿ; ನಮ್ಮ ಕಾಲದವರು ಕನಿಕರಪಟ್ಟು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಕೆಲವು ಪದಗಳು ವಿಚಿತ್ರವೆನಿಸಬಹುದು, ಬಿಡಿಸಿ ಹೇಳುತ್ತೇನೆ.

ಇಲ್ಲಿ ಬಾಗಿಲುಗಳಿಗೆ ಕೀಲಿಕೈ ಇಲ್ಲ, ರಂಧ್ರಬೀಗವಿದೆ. ಮೂಗಿನ ಮೇಲಿನ ಸಣ್ಣ ರಂಧ್ರಗಳು ಒಬ್ಬರಿಗಿದ್ದಂತೆ ಇನ್ನೊಬ್ಬರಿಗೆ ಇರುವುದಿಲ್ಲವಂತೆ. ಮೂಗೊಡ್ಡಿ ನಿಂತರೆ ಬಾಗಿಲು ಗುರುತು ಹಚ್ಚಿ ತೆರೆದುಕೊಳ್ಳುತ್ತದೆ. ಕರೆಯದವರು ಊಟಕ್ಕೆ ನುಗ್ಗುತ್ತಾರೆಂದು ಮದುವೆ ಮಂಟಪಗಳಲ್ಲಂತೂ ಬೀಗ ಬಲು ಬಿಗಿ; ಒಳಗಿದ್ದವರು ಹೊರಬರಬಹುದು, ಗುರುತು ಸಿಗದವರು ಯಾರ ಜೊತೆಗೂ ಒಳಹೋಗುವಂತಿಲ್ಲ.

ಇಂದು ನನ್ನ ಮದುವೆ. ನಾನು ಹೊರಗಿದ್ದೇನೆ.

ಕಾರಣ ನೀವು. ನಿಮ್ಮ ಸೌಂದರ್ಯದ ನೋಟ್‌ಬುಕ್ಕನ್ನು ನಮ್ಮ ಮನೆಯಲ್ಲಿ ದೇವರ ಪಕ್ಕ ಇಟ್ಟಿದ್ದಾರೆ. ಅರಿಶಿನ ಹಚ್ಚುವ ದಿನ ಅದರ ಹದಿನಾಲ್ಕನೇ ಪುಟ ಓದಿ, ಮದುಮಗಳ ಮೂಗನ್ನು ನಿಂಬೆರಸ, ಸಕ್ಕರೆ, ಟೂತ್‌ಪೇಸ್ಟ್ ಹಾಕಿ ಉಜ್ಜಿ, ಕಪ್ಪು ಚುಕ್ಕೆಗಳನ್ನು ಉಗುರಿನಿಂದ ಹಿಂಡುವುದು ನಮ್ಮ ಮನೆತನದ ಶಾಸ್ತ್ರ. ನಿನ್ನೆ ಐವರು ಮುತ್ತೈದೆಯರು ಸರದಿಯಲ್ಲಿ ಹಿಂಡಿದರು. ಈಗ ಮೂಗು ಬದನೆಕಾಯಿಯಾಗಿದೆ. ಬಾಗಿಲಿಗೆ ನಾನು ಯಾರೆಂದೇ ಗೊತ್ತಿಲ್ಲ. ಅಮ್ಮ ಕಿಟಕಿಯಿಂದ, "ಇನ್ನೊಂಚೂರು ಎಡಕ್ಕೆ ತಿರುಗ್ಸೇ! ಆ ಕಡೆ ನಿಮ್ಮಪ್ಪನ ಮೂಗಿನ ಥರಾನೇ ಇದೆ, ಬಾಗಿಲು ತೆಗೀಬಹುದು!" ಎಂದು ಕೂಗುತ್ತಿದ್ದಾಳೆ. ಮುಹೂರ್ತಕ್ಕೆ ಇಪ್ಪತ್ತೇ ನಿಮಿಷ. ಅಳು ಬರುತ್ತಿದೆ ಅಜ್ಜಿ, ಆದರೆ ಕಣ್ಣೀರು ತಾಗಿದರೆ ಮೂಗು ಉರಿಯುತ್ತದೆ.

ಆ ಕಪ್ಪು ಚುಕ್ಕೆ ಕೊಳೆಯಲ್ಲ, ತಿಳಿಯಿರಿ. ಚರ್ಮದ ಎಣ್ಣೆಯೂ ಸತ್ತ ಚರ್ಮವೂ ರಂಧ್ರದಲ್ಲಿ ಸಿಕ್ಕಿಕೊಂಡು, ಗಾಳಿ ತಾಗಿ ಕಪ್ಪಾಗುತ್ತದೆ, ಅಷ್ಟೆ. ಉಜ್ಜಿದರೆ ಚರ್ಮ ಸುಲಿಯುತ್ತದೆ, ಹಿಂಡಿದರೆ ಕಲೆ ಉಳಿಯುತ್ತದೆ. ದಿನಕ್ಕೆರಡು ಸಲ ಸೌಮ್ಯವಾದ ಫೇಸ್‌ವಾಶ್, ತೆಳ್ಳಗೆ ಸ್ಯಾಲಿಸಿಲಿಕ್ ಆಮ್ಲದ ಜೆಲ್, ಆರೆಂಟು ವಾರ ತಾಳ್ಮೆ. ನಮ್ಮ ವಂಶದಲ್ಲಿ ಇಲ್ಲದ್ದು ಆ ಕೊನೆಯದೇ. ದಯವಿಟ್ಟು ಆ ಪುಟ ಹರಿದುಹಾಕಿ ಎಂದು ಬೇಡಿಕೊಳ್ಳಲೆಂದೇ ಬರೆಯಲು ಕುಳಿತೆ.

ಇಷ್ಟು ಬರೆಯುವಷ್ಟರಲ್ಲಿ ಮದುಮಗ ಸುಮಂತ ಬಾಸಿಂಗ ಕಟ್ಟಿಕೊಂಡೇ ಹೊರಗೆ ಬಂದ. ನನ್ನ ಮುಖ ನೋಡಿ ನಗಲಿಲ್ಲ. "ಊತ ನಾಳೆ ಇಳಿಯುತ್ತೆ, ಮುಹೂರ್ತ ನಾಳೆ ಬರಲ್ಲ" ಎಂದು ಪುರೋಹಿತರನ್ನೂ ತಾಳಿಯನ್ನೂ ಮೆಟ್ಟಿಲಿಗೇ ಕರೆಸಿ, ನನ್ನ ಪಕ್ಕ ಕುಳಿತಿದ್ದಾನೆ. ಅವನ ಮೂಗಿನ ತುಂಬ ಕಪ್ಪು ಚುಕ್ಕೆ. ಎಷ್ಟು ಚೆಂದ ಕಾಣುತ್ತಾನೆ ಗೊತ್ತೆ!

ಆದ್ದರಿಂದ ಪುಟ ಹರಿಯಬೇಡಿ ಅಜ್ಜಿ. ಹರಿದರೆ ಬಾಗಿಲು ನನಗೆ ತೆರೆದುಬಿಡುತ್ತದೆ, ಇವನು ಹೊರಗೆ ಬರುವುದೇ ಇಲ್ಲ. 'ಶಾಲ್ಮಲಿಯ ಮದುವೆಯ ನಂತರ ಯಾರೂ ಇದನ್ನು ಮಾಡಕೂಡದು' ಎಂದು ಕೆಳಗೊಂದು ಸಾಲು ಸೇರಿಸಿ, ಸಾಕು. ಆಮೇಲೆ, ಈಗ ಕನ್ನಡಿಯ ಮುಂದೆ ನಿಂತಿದ್ದೀರಲ್ಲ, ಮೂಗಿನ ಮೇಲಿಂದ ಕೈ ತೆಗೆಯಿರಿ.