ಹರಾಜಿನ ಜೀಪು, ಹನ್ನೊಂದರ ಗಂಟೆ

೧೪ ಜನವರಿ ೧೯೭೮, ಶನಿವಾರ

ಜೀಪು ಇವತ್ತೂ ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್. ಹನ್ನೊಂದು ಸಲ. ಅಂಗೈ ಸುಲಿದಿದೆ. ಸ್ಟಾರ್ಟ್ ಆದ ಮೇಲೂ ದುಡಿಯುವುದು ಮೂರೇ ಸಿಲಿಂಡರ್. ನಾಲ್ಕನೆಯದು ಸುಮ್ಮನೆ ಜೊತೆಗೆ ಬರುತ್ತದೆ.

ಸಾವುಕಾರರ ಊರು ಉಟಗಿಯಿಂದ ತಾಲೂಕಿನ ಊರು ಜತ್ತಿಗೆ ಒಂದು ತಾಸು ಐವತ್ತು ನಿಮಿಷ. ಕೊನೆಯ ಏರಿನಲ್ಲಿ ದುಂಡಪ್ಪ ಸಾವುಕಾರರು ಇಳಿದು ನಡೆದರು. ಮೇಲೆ ಮೊದಲು ಮುಟ್ಟಿದವರು ಅವರೇ.

"ಏನಪಾ ಅಮೋಗಸಿದ್ದ, ಪೊಲೀಸರು ಇದರಾಗ ಕುಂತು ಕಳ್ಳರನ್ನ ಹಿಡೀತಿದ್ರೇನು?"

"ಹಿಡೀಲಿಲ್ಲಂತನ ಹರಾಜಿಗೆ ಹಾಕ್ಯಾರ್ರಿ."

ನಕ್ಕರು. ನನಗೆ ನಗು ಬರಲಿಲ್ಲ. ಸಾಂಗಲಿಯ ಹರಾಜಿನಲ್ಲಿ ಇದನ್ನು ಸಾವುಕಾರರಿಗೆ ಕೊಡಿಸಿದವನು ನಾನೇ. ಎರಡು ವರ್ಷ ಬಿಸಿಲಲ್ಲಿ ನಿಂತ ಪೊಲೀಸ್ ಜೀಪು, ಏರ್ ಕ್ಲೀನರಿನಲ್ಲಿ ಗುಬ್ಬಿ ಗೂಡು. ಇಂಜಿನ್ ಗಟ್ಟಿ ಐತ್ರಿ, ನಾ ಓಡಿಸಿ ತೋರಸ್ತೀನಿ ಅಂದಿದ್ದೆ.

೧೬ ಜನವರಿ

ಸಾವುಕಾರರಿಗೆ ಜೀಪಿನ ಅವಸರ ಯಾಕೆಂದು ಇವತ್ತು ಪೂರ್ತಿ ತಿಳಿಯಿತು. ಸಾವುಕಾರರ ಮಗಳು ಶಿವಲಿಂಗವ್ವ. ಹೋದ ವರ್ಷ ಎಸ್ಸೆಸ್ಸಿ ಪರೀಕ್ಷೆಯ ಗಣಿತ ಪೇಪರಿಗೆ ಜತ್ತಿಗೆ ಎಸ್.ಟಿ. ಬಸ್ಸಿನಲ್ಲಿ ಹೋಗಿ ನಲವತ್ತು ನಿಮಿಷ ತಡ. ಗೇಟಿನಲ್ಲೇ ನಿಲ್ಲಿಸಿದರಂತೆ. ಮನೆಗೆ ಬಂದವಳು ಉಳಿದ ಪೇಪರಿಗೆ ಹೋಗಲೇ ಇಲ್ಲ. ಈ ಮಾರ್ಚಿನಲ್ಲಿ ಪಾಸಾದರೆ ಮಾಸ್ತರಿಕೆ ಕಲಿಯಲು ಕಳಿಸುತ್ತಾರೆ. ಇಲ್ಲದಿದ್ದರೆ ವೈಶಾಖದಲ್ಲಿ ಮದುವೆ. ಗಂಡಿನ ಕಡೆಯವರು ಆಗಲೇ ಎರಡು ಸಲ ಬಂದು ಹೋಳಿಗೆ ಉಂಡು ಹೋಗಿದ್ದಾರೆ.

ಗಂಡು ಹುಡುಗರು ಜತ್ತಿನಲ್ಲಿ ರೂಮು ಹಿಡಿಯುತ್ತಾರೆ. ಇವಳನ್ನು ಅಜ್ಜಿ ಮಲಕವ್ವ, ಸಾವುಕಾರರ ಅವ್ವ, ಒಂದು ರಾತ್ರಿಯೂ ಹೊರಗೆ ಬಿಡುವುದಿಲ್ಲ. ದಿನಾ ಹೋಗಬೇಕು, ದಿನಾ ಬರಬೇಕು. ಇನ್ನೊಂದು — ಊರಿನ ಜಂಗಮ ಅಯ್ಯನವರು ಬಂದು ವಿಭೂತಿ ಹಚ್ಚದೆ ಈ ಮನೆಯವರು ದೊಡ್ಡ ಕೆಲಸಕ್ಕೆ ಹೊಸ್ತಿಲು ದಾಟುವುದಿಲ್ಲ. ಅಯ್ಯನವರು ಊರಿನ ಮನೆಯೆಲ್ಲ ಮುಗಿಸಿ ಇಲ್ಲಿಗೆ ಬರುವುದು ಒಂಬತ್ತೂವರೆಗೆ. ಹೊರಡುವುದು ಒಂಬತ್ತೂಮುಕ್ಕಾಲು. ಜತ್ತಿನಲ್ಲಿ ಪರೀಕ್ಷೆಯ ಗಂಟೆ ಹನ್ನೊಂದಕ್ಕೆ.

ನನ್ನ ಕೈಯಲ್ಲಿರುವುದು ಒಂದೂಕಾಲು ತಾಸು.

"ಸ್ವಲ್ಪ ಮೊದಲ ಹೊಂಟರ…" ಎಂದೆ.

ಸಾವುಕಾರರು ಕೈ ಅಡ್ಡ ಹಿಡಿದರು. "ಅವ್ವನ ಮುಂದ ಆ ಮಾತ ತೆಗೀಬ್ಯಾಡ. ನೀ ಇಂಜಿನ್ ನೋಡು."

ನೋಡುತ್ತೇನೆ.

೨೧ ಜನವರಿ

ಇಂಜಿನ್ನಿನ ಹೆಡ್ ಬಿಚ್ಚಿದೆ. ಒಳಗೆ ಹಂಚಿನ ಕಪ್ಪಿನಂತೆ ಕಾರ್ಬನ್. ಕೆರೆದು ಕೆರೆದು ಒಂದು ಚಟಾಕು ತೆಗೆದೆ. ನಾಲ್ಕನೇ ಸಿಲಿಂಡರಿನ ವಾಲ್ವ್ ಸುಟ್ಟು ಅಂಚು ಕಡಿದಿದೆ. ಅದಕ್ಕೇ ಗಾಳಿ ನಿಲ್ಲುತ್ತಿರಲಿಲ್ಲ. ಮಿರಜಿಗೆ ಹೋಗಿ ವಾಲ್ವ್, ಹೆಡ್ ಗ್ಯಾಸ್ಕೆಟ್ ತರಬೇಕು.

೨೭ ಜನವರಿ

ವಾಲ್ವ್ ಕೂರಿಸುವ ಕೆಲಸ. ಪೇಸ್ಟ್ ಹಚ್ಚಿ, ಕೋಲನ್ನು ಎರಡು ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದ ಹಾಗೆ ತಿರುವುವುದು. ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು. ಎರಡು ದಿನದಿಂದ ಇದೇ. ಮಲಕವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಬೆಣ್ಣಿ ಬಂತೇನೋ?"

"ಇನ್ನೂ ಇಲ್ಲ ಆಯಿ."

"ಸೊಲ್ಲಾಪುರದಾಗ ಇಷ್ಟ ಕಲತೇನು? ನಮ್ಮನಿ ಸೊಸಿ ಒಂದ ತಾಸಿನ್ಯಾಗ ಬೆಣ್ಣಿ ತಗೀತಾಳ."

ಸೊಲ್ಲಾಪುರದಲ್ಲಿ ಎರಡು ವರ್ಷ, ಮಿರಜಿನಲ್ಲಿ ಎಂಟು ತಿಂಗಳು, ವಿಜಾಪುರದಲ್ಲಿ ಆರು ತಿಂಗಳು. ಎಲ್ಲೂ ಒಂದು ಗಾಡಿಯನ್ನು ಪೂರ್ತಿ ನಾನೊಬ್ಬನೇ ಮಾಡಿರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ.

೫ ಫೆಬ್ರವರಿ

ಹಿಂದಿನ ಕಬ್ಬಿಣದ ಪಂಜರ ಕಳಚಿದೆ. ಕೈದಿಗಳನ್ನು ಕೂರಿಸುತ್ತಿದ್ದದ್ದು. ನಾಲ್ವರು ಎತ್ತಬೇಕಾಯಿತು. ಇಷ್ಟು ಭಾರ ಹೊತ್ತು ಯಾವ ಇಂಜಿನ್ ಏರು ಹತ್ತೀತು? ಮಲಕವ್ವ ಅದನ್ನು ಮಾಳಿಗೆಗೆ ಹೊರಿಸಿದಳು. ಈಗ ಅದರೊಳಗೆ ಸಂಡಿಗೆ ಒಣಗುತ್ತಿವೆ. ಕಾಗೆ ಹೊರಗೆ ಕೂತು ನೋಡುತ್ತದೆ.

ಪಾಯಿಂಟ್ ಗ್ಯಾಪ್ ಸರಿ ಮಾಡಿದೆ. ಕಿಡಿ ಹಾರುವ ಟೈಮಿಂಗ್ ಒಂದು ಕೂದಲು ಮುಂದೆ ತಂದೆ. ಹ್ಯಾಂಡಲ್ ಈಗ ಕೈಗೆ ತಿರುಗಿ ಒದೆಯುತ್ತದೆ. ಒಳಗೆ ಜೀವ ಇದೆ.

೧೨ ಫೆಬ್ರವರಿ, ಭಾನುವಾರ

ಜತ್ತಿಗೆ ಒಂದು ತಾಸು ಎಂಟು ನಿಮಿಷ!

ಸಾವುಕಾರರು ಗಡಿಯಾರ ಹಿಡಿದು ಕೂತಿದ್ದರು. ಹಿಂದೆ ಶಿವಲಿಂಗವ್ವ, ಪುಸ್ತಕ ಹಿಡಿದು. ಏರನ್ನು ಸೆಕೆಂಡ್ ಗೇರಿನಲ್ಲಿ ಹತ್ತಿತು. ದಾರಿಯಲ್ಲಿ ಒಂದು ಮೋಜು — ಬಾಗಿಲ ಮೇಲಿನ ಪೊಲೀಸ್ ಅಕ್ಷರ ಇನ್ನೂ ಹಾಗೇ ಇವೆ. ಒಬ್ಬ ತಲೆಯ ಮೇಲಿನ ಕೊಡ ಅಲ್ಲೇ ಇಳಿಸಿ ಹೊಲ ಬಿದ್ದು ಓಡಿದ. ಕೊಡದಲ್ಲಿ ಏನಿತ್ತೋ, ಇಳಿದು ನೋಡಲಿಲ್ಲ.

ಸಾವುಕಾರರು ಬೆನ್ನು ತಟ್ಟಿದರು. "ಗೆದ್ದಿ ಮಗನ."

ಪುಣೆಯಿಂದ ಕಾಗದವೂ ಬಂದಿದೆ. ದೊಡ್ಡ ವರ್ಕ್‌ಶಾಪ್. ಮಾರ್ಚ್ ಹದಿನೈದಕ್ಕೆ ಬಂದು ಸೇರು ಅಂತ. ಇಲ್ಲಿನ ಕೆಲಸ ಮುಗಿದ ಹಾಗೇ.

೨೨ ಫೆಬ್ರವರಿ, ಬುಧವಾರ

ಜೀಪು ಸಾವುಕಾರರ ಹೆಸರಿಗೆ ಮಾಡಿಸಲು ಆರ್.ಟಿ.ಒ. ಪಾಸಿಂಗಿಗೆ ಹೋಗಿದ್ದೆವು. ಪೊಲೀಸರ ನೀಲಿ ಬಣ್ಣ, ಅಕ್ಷರ ಎಲ್ಲ ತೆಗೆಯಿರಿ ಎಂದರು ಸಾಹೇಬರು. ತೆಗೆದೆವು. ಮನೆಯ ಬಾಗಿಲಿಗೆ ತಂದ ಹಸಿರು ಬಣ್ಣ ಉಳಿದಿತ್ತು, ಅದನ್ನೇ ಬಳಿದೆವು. ಈಗ ಬಾಗಿಲಿನಂಥ ಜೀಪು.

ಇವತ್ತು ಓಡಿಸಿದೆ. ಒಂದು ತಾಸು ಮೂವತ್ತೊಂದು ನಿಮಿಷ.

ಇದ್ದಕ್ಕಿದ್ದ ಹಾಗೆ ಇಪ್ಪತ್ಮೂರು ನಿಮಿಷ ಎಲ್ಲಿ ಹೋಯಿತು? ಸಾವುಕಾರರು ಗಡಿಯಾರವನ್ನು ಜೇಬಿಗೆ ಇಟ್ಟುಕೊಂಡರು. ಬೈದಿದ್ದರೆ ಚಲೋ ಇತ್ತು.

೨೩ ಫೆಬ್ರವರಿ

ಕಾರ್ಬ್ಯುರೇಟರ್ ಬಿಚ್ಚಿದೆ. ಜೆಟ್ ಊದಿದೆ. ಸ್ವಚ್ಛ ಇದೆ.

೨೫ ಫೆಬ್ರವರಿ

ಪ್ಲಗ್ ನಾಲ್ಕೂ ಹೊಸದು ಹಾಕಿದೆ. ಒಂದು ತಾಸು ಇಪ್ಪತ್ತೊಂಬತ್ತು.

೨೭ ಫೆಬ್ರವರಿ

ಟೈಮಿಂಗ್ ಹಿಂದೆ. ಟೈಮಿಂಗ್ ಮುಂದೆ. ಮತ್ತೆ ಹಿಂದೆ. ಒಂದು ತಾಸು ಮೂವತ್ಮೂರು. ತಲೆ ಕೆಟ್ಟಿದೆ. ಪುಣೆಯ ಗಾಡಿ ಹತ್ತಿ ಹೋಗಿಬಿಡಲೇ ಅನ್ನಿಸಿತು. ಹಿಂದಿನ ಊರುಗಳಿಂದ ಹೋದದ್ದೂ ಹೀಗೇ, ಕೆಲಸ ಸಿಕ್ಕಿಕೊಂಡಾಗ.

೧ ಮಾರ್ಚ್, ಬುಧವಾರ

ಜೀಪಿನ ಕೆಳಗೆ ಮಲಗಿದ್ದೆ. ಶಿವಲಿಂಗವ್ವ ಬಂದು ನೋಟುಬುಕ್ಕಿನ ಹಾಳೆ ಒಂದನ್ನು ಕೆಳಗೆ ತೂರಿಸಿದಳು.

"ಅಣ್ಣಾ, ಇಂಜಿನ್ ಬಿಚ್ಚೂದ ಬಿಡ್ರಿ. ಅದರದೇನೂ ತಪ್ಪಿಲ್ಲ."

ಹಾಳೆಯಲ್ಲಿ ಪಟ್ಟಿ. ನಾಲ್ಕು ಟ್ರಿಪ್ಪಿನಲ್ಲೂ ಹಿಂದೆ ಕೂತು ಎಲ್ಲೆಲ್ಲಿ ನಿಂತೆವು, ಎಷ್ಟು ನಿಮಿಷ ನಿಂತೆವು, ಬರೆದುಕೊಂಡಿದ್ದಾಳೆ. ಮೊದಲ ಟ್ರಿಪ್ಪಿನಲ್ಲಿ ಒಂದು ಸಲವೂ ನಿಂತಿಲ್ಲ. ಬಣ್ಣ ಬಳಿದ ಮೇಲೆ ಒಂಬತ್ತು ಸಲ, ಎಂಟು ಸಲ, ಹತ್ತು ಸಲ. ಕುರಿ ಹಿಂಡು, ಜೋಳದ ಕಣಿಕೆ ಬಂಡಿ, ಮತ್ತೆ ಕುರಿ. ನಿಂತ ನಿಮಿಷ ಕಳೆದರೆ ಪ್ರತಿ ಸಲವೂ ಒಂದು ತಾಸು ಆರು, ಏಳು.

"ಆವಾಗ ಪೊಲೀಸರಂತ ಎಲ್ಲಾರೂ ಸರದ್ರು. ಈಗ ಯಾರು ಸರೀತಾರ?"

ನೆನಪಾಯಿತು. ಮೊನ್ನೆ ಕುರಿ ಕಾಯುವ ಸಾತಪ್ಪನ ಹಿಂಡು ಅಡ್ಡ ಇತ್ತು. ಹಾರ್ನ್ ಹೊಡೆದೆ. ಅವನು ಕೋಲಿನ ಮೇಲೆ ಗದ್ದ ಊರಿ ನಿಂತೇ ಇದ್ದ. "ಫೌಜದಾರ ಬಂದ್ರ ಸರೀತೀನಿ. ನೀ ಬಾಗಲಾ ತಗೊಂಡ ಬಂದ್ರ ನಾ ಯಾಕ ಸರೀಲಿ?"

ಗಣಿತದಲ್ಲಿ ಗೇಟಿನಿಂದ ವಾಪಸ್ಸು ಬಂದವಳು ನನ್ನ ಇಂಜಿನ್ನಿನ ಲೆಕ್ಕ ಬಿಡಿಸಿದಳು. ಎಂಟು ದಿನದಿಂದ ರೋಗವಿಲ್ಲದ ದನಕ್ಕೆ ಔಷಧ ಕುಡಿಸಿದ್ದೇನೆ.

೩ ಮಾರ್ಚ್

ಸಾವುಕಾರರ ಉಪಾಯ — ಮತ್ತೆ ನೀಲಿ ಬಣ್ಣ ಹಚ್ಚೋಣ, ನಾನು ಖಾಕಿ ಅಂಗಿ ಹಾಕಿಕೊಳ್ಳಬೇಕು. "ಹತ್ತ ದಿನದ ಮಟ್ಟಿಗಿ."

"ನನ್ನ ಒಳಗ ಹಾಕಿದ್ರ ಹತ್ತ ದಿನದಾಗ ಬಿಡೂದಿಲ್ರಿ."

ಉಪಾಯವನ್ನು ಅಲ್ಲಿಗೇ ಬಿಟ್ಟರು. ಇನ್ನೆಷ್ಟು ಓಡಿಸಲಿ? ಗಂಟೆಗೆ ಇನ್ನೂ ಐದು ಮೈಲಿ ಹೆಚ್ಚಿಸಬಹುದು. ಕುರಿಗೆ ಅದರಿಂದ ಏನು? ರಸ್ತೆ ಹಿಡಿಯುವಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ. ಉಳಿದದ್ದು ಮನೆ ಬಿಡುವ ಹೊತ್ತು ಒಂದೇ.

೪ ಮಾರ್ಚ್, ಶನಿವಾರ. ಮಧ್ಯಾಹ್ನ

ಕೇಳಿಬಿಟ್ಟೆ.

ಸಾವುಕಾರರು ಅಂಗಡಿಗೆ ಹೋಗಿದ್ದರು. ಮಲಕವ್ವ ಮಾಳಿಗೆಯ ಮೇಲೆ ಸಂಡಿಗೆ ತಿರುವಿ ಹಾಕುತ್ತಿದ್ದಳು. ಮೆಟ್ಟಿಲ ಮೇಲೇ ನಿಂತು ಹೇಳಿದೆ. ನಾನು ಹೊರಗಿನವನು, ಬೈದರೆ ಪುಣೆಗೆ ಹೋಗುವುದು ಇದ್ದೇ ಇದೆ.

"ಆಯಿ, ಅಯ್ಯನವರು ಏಳಕ್ಕ ಬಂದ್ರ ಆಗೂದಿಲ್ಲೇನು?"

ಕೈ ನಿಲ್ಲಿಸಿದಳು. ಬೈಗುಳ ಬಂತು ಅಂದುಕೊಂಡೆ.

"ಯಾಕ ಆಗೂದಿಲ್ಲ? ನಾ ನಾಕಕ್ಕ ಎದ್ದು ಒಬ್ಬಾಕೀನ ಗಂವ್ವಂತ ಕುಂತಿರ್ತೀನಿ."

"ಮತ್ತ ಸಾವುಕಾರ್ರು…"

"ಅಂವಗೇನ ಗೊತ್ತು? ನಮ್ಮನ್ಯಾಗ ಚಹಾ ಚಲೋ ಇರ್ತೈತಂತ ಅಯ್ಯನವರು ಕಡೀಕ ಬರ್ತಾರ. ಸಾವಕಾಶ ಕುಂದ್ರಾಕ. ಏಳಕ್ಕ ಬರ್ರಿ ಅಂದ್ರ ಬರ್ತಾರ, ಎರಡ ಸಲ ಚಹಾ ಕುಡೀತಾರ. ಹೋದ ವರ್ಷ ಹುಡುಗಿ ಅಳಕೋತ ಬಂದಾಗೂ ಯಾರರೆ ನನ್ನ ಒಂದ ಮಾತ ಕೇಳ್ಯಾರೇನು? ಎಲ್ಲಾರೂ ನನಗ ಅಂಜತಾರ. ನಾ ಏನ ಹುಲಿ ಏನೋ?"

ಸಂಡಿಗೆ ಒಂದು ಕೊಟ್ಟಳು, ಇನ್ನೂ ಹಸಿ.

ಇಳಿಯುವಾಗ ಹಿಂದಿನಿಂದ — "ಜೀಪಿನ್ಯಾಗ ನಾನೂ ಬರಾಕಿ. ಮುಂದ ಕುಂದ್ರಾಕಿ."

೯ ಮಾರ್ಚ್

ಪುಣೆಗೆ ಕಾಗದ ಹಾಕಿದೆ. ಗಣಿತ ಇಪ್ಪತ್ತಕ್ಕಿದೆ, ಇಪ್ಪತ್ತೈದಕ್ಕೆ ಬರುತ್ತೇನೆ ಎಂದು. ಗಣಿತ ಯಾರದು ಎಂದು ಬರೆಯಲಿಲ್ಲ.

೧೩ ಮಾರ್ಚ್, ಸೋಮವಾರ

ಮೊದಲ ಪೇಪರ್ ಕನ್ನಡ. ಏಳೂವರೆಗೆ ಹೊರಟು ಒಂಬತ್ತಕ್ಕೆ ಮುಟ್ಟಿದೆವು. ಸಾಲಿಯ ಗೇಟೇ ತೆರೆದಿರಲಿಲ್ಲ. ಮಲಕವ್ವ ದಾರಿಯುದ್ದಕ್ಕೂ "ಲಗೂನ ಹೊಡಿ, ಲಗೂನ ಹೊಡಿ." ಎಪ್ಪತ್ತು ವರ್ಷದ ಮುದುಕಿಗೆ ಈಗ ಸ್ಪೀಡಿನ ರುಚಿ ಹತ್ತಿದೆ.

೨೦ ಮಾರ್ಚ್, ಸೋಮವಾರ. ಜತ್ತ, ಮಧ್ಯಾಹ್ನ ಒಂದೂಮುಕ್ಕಾಲು

ಸಾಲಿಯ ಹೊರಗೆ, ಬೇವಿನ ಮರದ ಕೆಳಗೆ. ಬಿಸಿ ಪೈಪು ಹಿಡಿದ ಕೈ ಇನ್ನೂ ಉರಿಯುತ್ತಿದೆ.

ಏಳೂವರೆಗೇ ಹೊರಟಿದ್ದೆವು. ದಾರಿಯ ಕಾಲು ಭಾಗ ದಾಟಿದ್ದೆವಷ್ಟೇ, ರೇಡಿಯೇಟರಿನ ಪೈಪು ಹರಿಯಿತು. ನೀರೆಲ್ಲ ರಸ್ತೆಗೆ. ಇಷ್ಟೆಲ್ಲ ಬಿಚ್ಚಿ ಜೋಡಿಸಿದವನು ಆ ಎರಡು ಗೇಣು ರಬ್ಬರ್ ಮಾತ್ರ ಮುಟ್ಟಿರಲಿಲ್ಲ! ಸೈಕಲ್ ಟ್ಯೂಬು ಬೇಕು, ಹತ್ತಿರ ಯಾರ ಮನೆಯೂ ಇಲ್ಲ. ನಡೆದು ಹೋಗಿ ಒಬ್ಬರ ಹೊಲದಲ್ಲಿ ಹಳೆಯ ಟ್ಯೂಬು, ಎರಡು ಕೊಡ ಬೇಡಿ ತಂದೆ. ಸೀಳಿ ಸುತ್ತಿ ದಾರ ಬಿಗಿದೆ, ನೀರು ಹಾಕಿದಂತೆಲ್ಲ ಸೋರಿತು, ಮತ್ತೆ ಮತ್ತೆ ಬಿಗಿದೆ. ಬಾವಿ ಇನ್ನೂ ದೂರ. ನಾನು ಆರು ಕೊಡ, ಶಿವಲಿಂಗವ್ವ ನಾಲ್ಕು ಕೊಡ. ಅವಳನ್ನು ಬೇಡ ಎಂದೆ. ಕೇಳಲಿಲ್ಲ. ತುಂಬುವ ಹೊತ್ತಿಗೆ ಹತ್ತಕ್ಕೆ ಐದು ನಿಮಿಷ ಕಡಿಮೆ.

ಮಲಕವ್ವ "ಲಗೂನ" ಅಂತ ಒಮ್ಮೆಯೂ ಅನ್ನಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ಆಮೇಲೆ ಹೊಡೆದೆ. ತಗ್ಗು ನೋಡಲಿಲ್ಲ. ಎರಡು ಹಿಂಡು ಸಿಕ್ಕವು. ಹಾರ್ನ್ ಒತ್ತಲಿಲ್ಲ, ಒತ್ತಿದರೆ ಕುರಿ ಮುದ್ದೆಯಾಗಿ ನಿಲ್ಲುತ್ತವೆ. ಇಳಿದು ಮುಂದಿನ ಹೋತಿನ ಕೋಡು ಹಿಡಿದು ಬದಿಗೆ ನಡೆಸಿದೆ, ಹಿಂಡು ಹಿಂದೆ ಬಂತು. ಕುರಿ ಕಾಯುವುದು ಅಪ್ಪ ಕಲಿಸಿದ ಕೆಲಸ. ಬಿಟ್ಟು ಓಡಿ ಬಂದು ನಾಲ್ಕು ವರ್ಷ. ಮೊದಲೇ ಹೊಳೆಯಲಿಲ್ಲ ನೋಡು.

ಕೊನೆಯ ಏರು. ಸೆಕೆಂಡ್ ಗೇರು, ಕಾಲು ಪೂರ್ತಿ ಕೆಳಗೆ. ಇಂಜಿನ್ ತಪ್ಪಲಿಲ್ಲ. ನಾಲ್ಕಕ್ಕೆ ನಾಲ್ಕೂ ದುಡಿದವು.

ಹತ್ತು ಐವತ್ತೆರಡಕ್ಕೆ ಗೇಟು. ಓಡಿದಳು. ಸೀರೆಯ ಅಂಚು ಮಂಡಿಯವರೆಗೆ ಒದ್ದೆ. ಒಳಗೆ ಹೋದಳು.

ಒಂಬತ್ತೂಮುಕ್ಕಾಲಿಗೆ ಮನೆ ಬಿಟ್ಟಿದ್ದರೆ? ಆ ಲೆಕ್ಕ ಮಾಡಲಿಲ್ಲ.

ಎರಡು ಗಂಟೆ ಹತ್ತು ನಿಮಿಷ

ಗಂಟೆ ಆಯಿತು. ಹುಡುಗರು ಗುಂಪಾಗಿ ಹೊರಗೆ ಬಂದರು, ಐದನೆಯದು ಬಿಟ್ಟೆ, ಏಳನೆಯದು ಬಿಟ್ಟೆ ಎಂದು ಕೂಗುತ್ತ. ಅವಳು ಕೊನೆಗೆ ಬಂದಳು. ಮಲಕವ್ವ ಕೇಳಿದಳು.

"ಎಲ್ಲಾ ಬರದೇನ ಯವ್ವಾ?"

"ಬರದೆ ಆಯಿ. ಬರದ ಮ್ಯಾಲೂ ಹದಿನಾರ ನಿಮಿಷ ಉಳದಿದ್ದವು." ಸೀರೆಯ ಅಂಚು ಕೊಡವಿ, "ಸುಮ್ಮ ಕುಂತಿದ್ದೆ. ಕಿಡಕ್ಯಾಗಿಂದ ಹೊರಗ ನೋಡಕೋತ."

ಮಲಕವ್ವ ಜೀಪು ಹತ್ತಿ ಕೂತಿದ್ದಾಳೆ. ಈಗ ಹಾರ್ನ್ ಒತ್ತುವುದನ್ನೂ ಕಲಿತಿದ್ದಾಳೆ. ಬಿಡಲೊಲ್ಲಳು, ಇಡೀ ಸಾಲಿ ನೋಡುತ್ತಿದೆ. ಪೈಪು ಇನ್ನೊಮ್ಮೆ ಬಿಗಿದು ಹೊರಡಬೇಕು.