ಬಂಗಾರದ ಬಸವ

ಅಪ್ಪಾ,

ಅರೆಕೆರೆಯ ಚರ್ಚಿನ ಗೋಡೆಗೆ ಚಿತ್ರ ಬರೆಯಲು ಕರೆದಿದ್ದ ಪಾಸ್ಟರ್, “ಬೈಬಲ್ಲಿನಲ್ಲಿ ಜನ ಪೂಜಿಸ್ತಿದ್ದ ಬಂಗಾರದ ಬಸವನನ್ನ ಪ್ರವಾದಿ ಮೋಶೆ ಸುತ್ತಿಗೆಯಿಂದ ಒಡೀತಿರೋ ಹಾಗೆ ಬರೀಮ್ಮ” ಅಂದಿದ್ದರು. ಬಸವ ಅಂದಮೇಲೆ ನನ್ನ ಕೈಗೆ ಬರುವುದು ನೀನು ಕಲ್ಲಿನಲ್ಲಿ ಕಡೆಯುತ್ತಿದ್ದವನೇ. ಅದೇ ಮಡಿಸಿದ ಕಾಲು, ಅದೇ ಗೆಜ್ಜೆಸರ.

ನೀನು ಹೋದಮೇಲೆ ಸಿದ್ದಾರೂಢಣ್ಣ ನಿನ್ನ ಸುತ್ತಿಗೆಯನ್ನು ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ. ಇವತ್ತು ಅದನ್ನೇ ಹಿಡಿದು ಚರ್ಚಿಗೆ ನುಗ್ಗಿದ. “ಅಪ್ಪ ಕಡದ ಬಸವಣ್ಣನ್ನ ನೀ ಒಡಸ್ತೀಯೇನ?” ಎಂದು ಅರಚುತ್ತ ನಾನು ಬರೆದ ಮೋಶೆಯತ್ತ ಬೀಸಿದ. ಅಡ್ಡಬಂದ ಪಾಸ್ಟರ್ ಅವರ ದವಡೆ ಮುರಿಯಿತು. ಮತ್ತೆ ಎತ್ತಿದಾಗ ನಾನು ಅವನ ಕೈಗೆ ಜೋತುಬಿದ್ದೆ. ಏಟು ಗುರಿತಪ್ಪಿ ಬಸವನ ಮುಖಕ್ಕೇ ಬಿತ್ತು. ಉದುರಿದ ಗಾರೆಯನ್ನು ರಕ್ತದ ಕೈಯಲ್ಲೇ ಹಣೆಗೆ ಒತ್ತಿಕೊಂಡು ಅಣ್ಣ ಅತ್ತ.

ಮೋಶೆಯ ಸುತ್ತಿಗೆ ಇನ್ನೂ ಎತ್ತಿದ್ದು ಎತ್ತಿದಂತೆಯೇ ಇದೆ. ನಿನ್ನದನ್ನು ಪೊಲೀಸರು ಒಯ್ದರು.