ಬಾಗಿಲು ಸದ್ದಾದರೂ ಏಳಬಾರದು

ನವೆಂಬರ್ ೪, ಸೋಮವಾರ

ಇವತ್ತೂ ಎದ್ದುಬಿಟ್ಟೆ. ಆರ್ಟ್ ಗ್ಯಾಲರಿ ತೆರೆದಾಗಿನಿಂದ ಮುಚ್ಚುವ ತನಕ ಮಂಚದ ಮೇಲೆ ಸುಮ್ಮನೆ ಮಲಗಿರಬೇಕು — ನನ್ನ ಪರ್ಫಾರ್ಮೆನ್ಸ್ ಇಷ್ಟೇ. 'ಬಿಡುವಿಲ್ಲದವರ ಪರವಾಗಿ ವಿಶ್ರಾಂತಿ' ಅಂತ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೇನೆ ಬೇರೆ. ಬಾಗಿಲು ಕಿರ್ ಅಂದಿತು... ನೋಡಿದರೆ ನಾನು ಎದ್ದು ಕೂತು ಹೊದಿಕೆ ಮಡಚುತ್ತಿದ್ದೇನೆ! ಬಂದವರು ಇದೂ ಕಲೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ನಾಚಿಕೆಗೆ ಸತ್ತೇಹೋದೆ.

ನವೆಂಬರ್ ೫

ಮತ್ತೆ ಅದೇ. ಅಮ್ಮನಿಂದ ಬಂದ ಅಭ್ಯಾಸ. ಹಗಲು ಮಲಗಿರೋದು ಯಾರ ಕಣ್ಣಿಗೂ ಬೀಳಬಾರದು. ಚಿಲಕ ಸದ್ದಾದರೆ ಅಮ್ಮ ಎದ್ದು ಪೊರಕೆ ಹಿಡಿಯುತ್ತಿದ್ದಳು, ನಾನು ಪುಸ್ತಕ. ಮೈಗೆ ಅಂಟಿಬಿಟ್ಟಿದೆ.

ಮ್ಯಾನೇಜರ್ ಕರೆಸಿದರು. "ಇನ್ನೊಂದ್ ಸಲ ಎದ್ರೆ ಶೋ ಕ್ಯಾನ್ಸಲ್. ಶನಿವಾರ ದುಡ್ಡು ಕೊಡೋ ಟ್ರಸ್ಟಿನವರು ನೋಡೋಕೆ ಬರ್ತಾರೆ, ಗೊತ್ತಲ್ಲ?"

ಆಗಿನಿಂದ ಎದೆ ಡವಡವ. ಮಲಗೋದಕ್ಕೂ ಬಾರದವಳು ನಾನು.

ನವೆಂಬರ್ ೮

ಮೂರು ದಿನ ಏಳಲಿಲ್ಲ. ಹಲ್ಲು ಕಚ್ಚಿಕೊಂಡು, ಮಂಚದ ಅಂಚು ಹಿಡಿದುಕೊಂಡು. ಇದಕ್ಕೆ ವಿಶ್ರಾಂತಿ ಅಂತಾರಾ?

ಸಂಜೆ ಅಮ್ಮ ಬಂದಳು. ಆಸ್ಪತ್ರೆ ಲಾಂಡ್ರಿಯ ಕೆಲಸ ಮುಗಿಸಿ ನೇರ ಇಲ್ಲಿಗೇ. ಬಂದವಳೇ ಹಣೆ ಮುಟ್ಟಿದಳು. "ಜ್ವರಾನೇನೇ?"

"ಇಲ್ಲಮ್ಮ. ಇದೇ ನನ್ ಕೆಲಸ."

"ಅಯ್ಯೋ, ಇಂಥ ಕೆಲಸ ಇದೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ!"

ನಗುತ್ತಲೇ ಹಾಸಿಗೆಯ ಸುಕ್ಕು ಎಳೆದು ಸರಿಮಾಡಿದಳು. ಕೈ ನಡುಗುತ್ತಿತ್ತು. ಯಾವಾಗಿನಿಂದ? ನಾನು ನೋಡೇ ಇರಲಿಲ್ಲ.

"ನಾಳೆ ರಜಾ ತಾನೆ? ಬಾರಮ್ಮ, ನನ್ ಪಕ್ಕ ಮಲಕ್ಕೋ."

"ರಜಾ ದಿನಾನೇ ಕೈತುಂಬ ಕೆಲಸ ಕಣೇ."

ನವೆಂಬರ್ ೯, ಶನಿವಾರ, ಮಧ್ಯಾಹ್ನ

ಮಂಚದ ಮೇಲೆ ಬರೆಯಬಾರದು — ನಾನೇ ಮಾಡಿದ ನಿಯಮ. ಮುರಿಯುತ್ತಿದ್ದೇನೆ. ಅಮ್ಮ ಬಂದಳು! "ಐದೇ ನಿಮಿಷ" ಅಂತ ಒರಗಿದವಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾಳೆ. ಹಗಲು ಹೊತ್ತಲ್ಲಿ ಅಮ್ಮನ ನಿದ್ದೆ ನೋಡುತ್ತಿರೋದು ಇದೇ ಮೊದಲು.

ಗಾಜಿನಾಚೆ ಮ್ಯಾನೇಜರ್ ಕೈ ಬೀಸುತ್ತಿದ್ದಾರೆ. ಎಬ್ಬಿಸಿ, ಟ್ರಸ್ಟಿನವರು ಬಂದರು ಅಂತ. ಆಗಲ್ಲ ಅಂತ ತಲೆ ಅಲ್ಲಾಡಿಸಿದೆ. ಭಯ ಆಗುತ್ತಿದೆ. ಶೋ ಹೋದರೆ ಹೋಗಲಿ.

ಮೆಟ್ಟಿಲ ಮೇಲೆ ಬೂಟುಗಳ ಸದ್ದು. ಬಾಗಿಲು ಕಿರ್ ಅಂತು. ಅಮ್ಮ ಬೆಚ್ಚಿಬಿದ್ದು, ಕಾಲಲ್ಲೇ ಚಪ್ಪಲಿ ಹುಡುಕುತ್ತ ಏಳಹೊರಟಳು. ಭುಜ ಹಿಡಿದೆ. "ಮಲಕ್ಕೋಮ್ಮ. ಯಾರೂ ಬಂದಿಲ್ಲ."

ಮತ್ತೆ ಕಣ್ಣು ಮುಚ್ಚಿದಳು. ನಾನೂ ಪೆನ್ನು ಇಟ್ಟು ಅವಳ ಪಕ್ಕ ಮಲಗುತ್ತಿದ್ದೇನೆ.